ದೊಡ್ಡಕ್ಕ ಹಾಕಿದ ಮೇಲೆ

ಕೆಲಸದ ಕಡೆ ನನ್ನನ್ನು ಎಲ್ಲರೂ ರೇಡಿಯೋ ಅಂತಾರೆ. ಬೆಳಿಗ್ಗೆ ಎಂಟಕ್ಕೆ ಶುರು ಮಾಡಿದರೆ ಸಂಜೆ ಐದಕ್ಕೆ ಗೇಟು ದಾಟುವವರೆಗೆ ಬಾಯಿ ಮುಚ್ಚೋದಿಲ್ಲವಂತೆ. ಅಂದುಕೊಳ್ಳಲಿ, ನನ್ನ ಗಂಟೇನು ಹೋಗುತ್ತೆ. ಆದರೆ ಈಗ ಹೇಳ್ತಿರೋದು ನನ್ನ ಕಥೆಯಲ್ಲ, ದೊಡ್ಡಕ್ಕನದು. ನಡುನಡುವೆ ನನ್ನದೂ ಬರುತ್ತೆ. ನನ್ನನ್ನು ಬಿಟ್ಟು ಅದನ್ನು ಹೇಳೋದು ಹೇಗೆ ಅಂತ ಯೋಚಿಸಿ ನೋಡಿದೆ, ಆಗಲಿಲ್ಲ.

ನಮ್ಮದು ಬಟ್ಟೆ ಒಗೆಯುವ ಕಾರ್ಖಾನೆ. ಆಸ್ಪತ್ರೆಗಳ ಹಾಸಿಗೆ ಬಟ್ಟೆ, ಹೋಟೆಲುಗಳ ಟವೆಲ್ಲು, ಎಲ್ಲ ಲಾರಿಗಟ್ಟಲೆ ಬಂದು ಬೀಳುತ್ತೆ. ಮುಂದಿನ ಹಾಲಿನಲ್ಲಿ ಗಂಡಸರು ಒಗೆದು ಹಿಂಡಿ ಕೊಡ್ತಾರೆ. ಹಿಂದಿನ ಹಾಲಿನಲ್ಲಿ ನಾವು ಹನ್ನೆರಡು ಜನ ಹೆಂಗಸರು ಇಸ್ತ್ರಿ ಮಾಡಿ, ಮಡಚಿ, ಎಣಿಸಿ ಕಟ್ಟು ಕಟ್ಟುತ್ತೇವೆ. ಇಸ್ತ್ರಿ ಅಂದರೆ ಕೈಯಲ್ಲಿ ಹಿಡಿಯೋದಲ್ಲ. ಹಾಲಿನ ನಡುವೆ ಒಂದು ರೋಲರ್ ಇದೆ, ಇಬ್ಬರು ತೋಳು ಚಾಚಿ ನಿಲ್ಲುವಷ್ಟು ಅಗಲ, ಒಳಗೆಲ್ಲ ಆವಿ, ಮೈ ಮುಟ್ಟುವ ಹಾಗಿಲ್ಲ. ಈ ಕಡೆ ಒದ್ದೆ ಬಟ್ಟೆ ಹಾಕಿದರೆ ಆ ಕಡೆ ಗರಿಗರಿಯಾಗಿ ಬರುತ್ತೆ. ಹಾಕುವ ಕಡೆ ಇಬ್ಬರು, ತೆಗೆಯುವ ಕಡೆ ಇಬ್ಬರು. ಹಾಕುವವರು ಆಚೆಗೊಬ್ಬರು ಈಚೆಗೊಬ್ಬರು ಬಟ್ಟೆಯ ಮೂಲೆ ಹಿಡಿದು ಬಿಗಿಯಾಗಿ ಎಳೆದು, ಒಬ್ಬರ ಮುಖ ಒಬ್ಬರು ನೋಡಿ, ಒಟ್ಟಿಗೇ ಬಿಡಬೇಕು. ಹಾಗೆ ನಾನೂ ದೊಡ್ಡಕ್ಕನೂ ಹದಿನಾಲ್ಕು ವರ್ಷ ಬಿಟ್ಟಿದ್ದೇವೆ. ಅಷ್ಟು ಸಲ ನನ್ನ ಗಂಡನ ಮುಖವನ್ನೂ ನಾನು ನೋಡಿಲ್ಲ.

ದೊಡ್ಡಕ್ಕ ಕಾರ್ಖಾನೆ ತೆರೆದ ಮೊದಲ ವಾರ ಸೇರಿದವಳು. ಇಪ್ಪತ್ತೆರಡು ವರ್ಷ. ಕುಳ್ಳಗೆ, ಗಟ್ಟಿಮುಟ್ಟಾಗಿ, ಮಾತು ಅಳೆದು ತೂಗಿ. ಅವಳು ತಲೆಗೆ ಬಟ್ಟೆಯನ್ನು ಹಿಂದಕ್ಕೆ ಗಂಟು ಹಾಕಿ ಕಟ್ಟಿದರೆ ಒಂದು ವಾರದೊಳಗೆ ಹನ್ನೆರಡೂ ತಲೆಯಲ್ಲಿ ಗಂಟು ಹಿಂದೆ. ಊಟದ ಗಂಟೆ ಹೊಡೆದರೂ ಅವಳು ಡಬ್ಬಿಯ ಮುಚ್ಚಳ ತೆಗೆಯುವವರೆಗೆ ಯಾರೂ ತೆಗೆಯುತ್ತಿರಲಿಲ್ಲ. ಸೆಖೆಯಲ್ಲಿ ಯಾವ ಕಿಟಕಿ ತೆಗೆಯಬೇಕು ಅಂತ ಜಗಳ ಬಂದರೆ ಅವಳು ಎದ್ದು ಹೋಗಿ ಒಂದನ್ನು ತೆಗೆಯುತ್ತಿದ್ದಳು, ಜಗಳ ಮುಗಿಯಿತು. ನಮಗೆಲ್ಲ ಇದು ಕಾಣುತ್ತಿತ್ತು. ಕಾಣದೇ ಇದ್ದದ್ದು ಅವಳೊಬ್ಬಳಿಗೆ.

ಕಾಣೋದಾದರೂ ಹೇಗೆ? ಅವಳ ಮನೆಯಲ್ಲಿ ಅವಳನ್ನು ಕೇಳಿ ಏನೂ ನಡೆದದ್ದಿಲ್ಲ. ಗಂಡ ರಾತ್ರಿ ಪಾಳಿಯ ವಾಚ್‌ಮನ್, ಹಗಲು ನಿದ್ದೆ, ಎದ್ದರೆ ಗೊಣಗಾಟ. ಮಗಳ ಮದುವೆಯನ್ನು ಅವನೂ ಅವನ ಅಣ್ಣನೂ ಕೂತು ಮುಗಿಸಿದರು. ಇವಳಿಗೆ ಗೊತ್ತಾದದ್ದು ಹುಡುಗನ ಕಡೆಯವರು ಮನೆಗೆ ಬಂದು ಕೂತ ಮೇಲೆ. ಇದನ್ನು ನಮಗೆ ನಗುನಗುತ್ತಾ ಹೇಳಿದ್ದಳು. ನನಗಾಗಿದ್ದರೆ ಆ ಮನೆಯ ಪಾತ್ರೆಯೆಲ್ಲ ಬೀದಿಗೆ ಬೀಳುತ್ತಿತ್ತು. ಅವಳು, ನಾನು ಹೇಳಿದರೆ ಯಾರು ಕೇಳ್ತಾರೆ, ಅಂದು ಟೀ ಕುಡಿದು ಎದ್ದಳು.

ನಮ್ಮ ಸೂಪರ್‌ವೈಸರ್‌ಗೆ ನಾವಿಟ್ಟ ಹೆಸರು ಆಯ್ತಾಯ್ತು. ಏನು ಹೇಳಿದರೂ ಆಯ್ತಾಯ್ತು ಅಂತಾನೆ, ಮಾಡೋದು ತನಗೆ ಬೇಕಾದ್ದನ್ನೇ. ದನಿ ಎತ್ತೋದಿಲ್ಲ, ಬೈಯೋದಿಲ್ಲ. ಬೈಯುವವನಾದರೆ ತಿರುಗಿ ಬೈಯಬಹುದಿತ್ತು. ರೋಲರಿನ ಬಾಯಿಯ ಮುಂದೆ ಒಂದು ಕಂಬಿ ಇದೆ. ಕೈ ತಗುಲಿದರೆ ಮೆಷಿನ್ ತಾನೇ ನಿಲ್ಲಬೇಕು, ಅದಕ್ಕಾಗಿ ಇಟ್ಟದ್ದು. ಆದರೆ ದಪ್ಪ ಬಟ್ಟೆ ತಗುಲಿದರೂ ನಿಲ್ಲುತ್ತಿತ್ತು. ದಿನದ ಲೆಕ್ಕ ಕಡಿಮೆ ಬೀಳುತ್ತೆ ಅಂತ ಆಯ್ತಾಯ್ತು ಮೆಕ್ಯಾನಿಕ್ಕನ್ನು ಕರೆಸಿ, ಕಂಬಿಯನ್ನು ಮೇಲಕ್ಕೆತ್ತಿ ತಂತಿ ಸುತ್ತಿಸಿದ. ಎಂಟು ತಿಂಗಳು ಅದು ಹಾಗೇ ಇತ್ತು. ಹಾಕುವ ಕಡೆ ಇಬ್ಬರಿದ್ದೆವು, ಒಬ್ಬರ ಕೈ ಮುಂದೆ ಹೋದರೆ ಇನ್ನೊಬ್ಬರು ಕೂಗುತ್ತಿದ್ದೆವು. ನಡೆಯುತ್ತಿತ್ತು.

ಆಮೇಲೆ ಕಾಗದ ಬಂತು. ಇನ್ನು ಮೇಲೆ ಹಾಕುವ ಕಡೆ ಒಬ್ಬರೇ, ಇನ್ನೊಬ್ಬರನ್ನು ಬೇರೆ ಕಡೆ ಕಳಿಸುತ್ತಾರೆ, ಅದಕ್ಕೆ ನಮ್ಮೆಲ್ಲರ ಒಪ್ಪಿಗೆ ಇದೆ ಅಂತ. ಹಿಂದಿನ ದಿನವೇ ಸುದ್ದಿ ಸಿಕ್ಕಿತ್ತು. ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ನಾನು ಬೆಂಚಿನ ಮೇಲೆ ನಿಂತು, ಆ ಕಾಗದವನ್ನು ಅವನ ಮುಖದ ಮುಂದೆ ಹರಿದು ಹಾಕದಿದ್ದರೆ ನನ್ನ ಹೆಸರು ರೇಡಿಯೋ ಅಲ್ಲ ಅಂತ ಭಾಷಣ ಬಿಗಿದಿದ್ದೆ. ಎಲ್ಲರೂ ನಕ್ಕರು, ಹೂಂ ಅಂದರು.

ಮಧ್ಯಾಹ್ನ ಊಟ ಮುಗಿಯುತ್ತಿದ್ದ ಹೊತ್ತು. ಆಯ್ತಾಯ್ತು ಕಾಗದ ತಂದು, ಬಟ್ಟೆಗಾಡಿಯ ಮೇಲೆ ಹಲಗೆ ಇಟ್ಟು, ಗಡಗಡ ಓದಿದ. ನಮ್ಮಲ್ಲಿ ಸಹಿ ಅಂದರೆ ಸೇರಿದ ವರುಷದ ಪ್ರಕಾರ, ಹಾಜರಿ ಪುಸ್ತಕದಲ್ಲಿ ಹೇಗೋ ಹಾಗೆ. ಮೊದಲು ದೊಡ್ಡಕ್ಕ. ಅವಳು ಕೈ ಒರೆಸಿಕೊಂಡು ಬಂದಳು. ಗಂಟೆ ಹೊಡೆಯಲು ಎರಡು ನಿಮಿಷ ಇತ್ತು, ಡಬ್ಬಿ ಇನ್ನೂ ತೊಳೆದಿರಲಿಲ್ಲ. ನಾನು ಹಾಕಿದರೇನು ಬಿಟ್ಟರೇನು ಅಂತ ಗೊಣಗಿ ಹಾಕಿಬಿಟ್ಟಳು. ಅವಳ ಹಿಂದೆ ನಾನು. ಹರಿದು ಹಾಕುವವಳು. ಬಾಯಿ ತೆರೆದಿತ್ತು, ಮಾತು ನಾಲಿಗೆಯ ತುದಿಯಲ್ಲಿತ್ತು. ಕಾಗದದ ಮೇಲೆ ಅವಳ ಸಹಿ ನೋಡಿದೆ, ಬಾಯಿ ಮುಚ್ಚಿ ನನ್ನದನ್ನೂ ಗೀಚಿದೆ. ಹಿಂದಿನವರೂ ಒಬ್ಬೊಬ್ಬರಾಗಿ ಗೀಚಿದರು. ಹನ್ನೆರಡು ಸಹಿಗೆ ಮೂರು ನಿಮಿಷವೂ ಹಿಡಿಯಲಿಲ್ಲ. ಆಯ್ತಾಯ್ತು ಅಂದು ಅವನು ಹೊರಟುಹೋದ.

ಮಾರನೆಯ ದಿನದಿಂದ ಹಾಕುವ ಕಡೆ ನಾನೊಬ್ಬಳೇ. ದೊಡ್ಡಕ್ಕನನ್ನು ತೆಗೆಯುವ ಕಡೆಗೆ ಹಾಕಿದರು. ದೊಡ್ಡ ಹಾಸಿಗೆ ಬಟ್ಟೆಯ ಎರಡೂ ಮೂಲೆಯನ್ನು ಒಬ್ಬಳೇ ಹಿಡಿಯಬೇಕಾದರೆ ತೋಳು ಎರಡೂ ಪೂರ್ತಿ ಚಾಚಿ, ಎದೆಯನ್ನು ಮೆಷಿನ್ನಿನ ಚೌಕಟ್ಟಿಗೆ ತಾಗಿಸಿ ಬಾಗಬೇಕು. ಮೊದಲ ವಾರ ಭುಜ ಬಿದ್ದುಹೋಯಿತು. ನನ್ನ ಅತ್ತೆ ಎಣ್ಣೆ ಹಚ್ಚಿ ತಿಕ್ಕುತ್ತಾ, ಇಷ್ಟು ದಿನ ಬಾಯಿಗಷ್ಟೇ ಕೆಲಸ ಇತ್ತು, ಈಗ ಕೈಗೂ ಬಂತು ನೋಡು, ಅಂತ ಚುಚ್ಚಿದಳು.

ಇನ್ನೊಂದು ಹೇಳಬೇಕು, ಇಲ್ಲದಿದ್ದರೆ ನಾನು ಮಾಡಿದ್ದು ಅರ್ಥವಾಗೋದಿಲ್ಲ. ನಮ್ಮ ಕೆಲಸದಲ್ಲಿ ಸುಕ್ಕು ಕಂಡರೆ ಬಟ್ಟೆ ವಾಪಸ್. ಆಸ್ಪತ್ರೆಯವರು ಕಟ್ಟನ್ನೇ ತಿರುಗಿ ಕಳಿಸುತ್ತಾರೆ. ಹದಿನಾಲ್ಕು ವರ್ಷ ಸುಕ್ಕು ನೋಡೀ ನೋಡೀ, ಈಗ ಬಸ್ಸಿನಲ್ಲಿ ಮುಂದೆ ಕೂತವರ ಕಾಲರ್ ಮಡಚಿದ್ದರೂ ನನ್ನ ಕೈ ತಾನಾಗಿ ಹೋಗುತ್ತೆ. ಬೈಸಿಕೊಂಡಿದ್ದೀನಿ. ನಮ್ಮಲ್ಲಿ ಯಾರನ್ನು ಬೇಕಾದರೂ ಕೇಳಿ, ಎಲ್ಲರದ್ದೂ ಇದೇ ಪಾಡು.

ಆರನೆಯ ವಾರ, ಮಂಗಳವಾರ, ಟೀ ಕುಡಿದು ಬಂದ ಮೇಲೆ. ಬಟ್ಟೆ ಒಳಗೆ ಹೋಗುತ್ತಿತ್ತು, ಬಲಗಡೆಯ ಅಂಚು ಮಡಚಿಕೊಂಡಿತು. ಇಬ್ಬರಿದ್ದಾಗ ಅದು ದೊಡ್ಡಕ್ಕನ ಮೂಲೆ, ಅವಳು ನೋಡಿಕೊಳ್ಳುತ್ತಿದ್ದಳು. ನನ್ನ ಕೈ ಬಿಡಿಸೋಕೆ ಹೋಯಿತು. ನಾನು ಕಳಿಸಲಿಲ್ಲ, ಅದೇ ಹೋಯಿತು. ಕಂಬಿ ಮೇಲೆ ಕಟ್ಟಿಕೊಂಡು ಕೂತಿತ್ತು. ತೆಗೆಯುವ ಕಡೆಯಿಂದ ದೊಡ್ಡಕ್ಕ ಓಡಿ ಬಂದು ಕೆಂಪು ಗುಂಡಿ ಒತ್ತಿದಳು. ಅವಳಿಗೂ ಗುಂಡಿಗೂ ನಡುವೆ ಆರು ಹೆಜ್ಜೆ. ಬಲಗೈಯ ಎರಡು ಬೆರಳು ಹೋದವು, ಉಳಿದವು ಮಡಚುವುದಿಲ್ಲ. ಅದರ ಬಗ್ಗೆ ಇಷ್ಟು ಸಾಕು.

ಆಸ್ಪತ್ರೆಯಲ್ಲಿ ನನ್ನ ಮೈಕೆಳಗೆ ಹಾಸಿದ್ದು ನಾವೇ ಇಸ್ತ್ರಿ ಮಾಡಿದ ಬಟ್ಟೆ. ಮೂರನೆಯ ದಿನ ದೊಡ್ಡಕ್ಕ ಬಂದಳು. ನನ್ನ ಗಂಡ ಸ್ಟೂಲು ಬಿಟ್ಟುಕೊಟ್ಟು ಹೊರಗೆ ಹೋದ. ಅವನು ಬಣ್ಣ ಬಳಿಯುವ ಕೆಲಸದಿಂದ ಉಬ್ಬಸ ಹತ್ತಿಸಿಕೊಂಡು ಎರಡು ವರ್ಷದಿಂದ ಮನೆಯಲ್ಲೇ ಇದ್ದಾನೆ, ಮನೆ ನಡೆಯುತ್ತಿದ್ದದ್ದು ನನ್ನ ಕೈಯಿಂದ. ದೊಡ್ಡಕ್ಕ ಸ್ಟೂಲಿನ ಮೇಲೆ ಕೂತಳು. ಆಮೇಲೆ ಕೇಳಿದಳು.

"ನಿಜ ಹೇಳು. ಅವತ್ತು ನಾನು ಸೈನ್ ಹಾಕದೇ ಇದ್ದಿದ್ರೆ ನೀನು ಹಾಕ್ತಿದ್ಯಾ?"

ಸುಳ್ಳು ಹೇಳಬಹುದಿತ್ತು. ನೋವಿನ ಮಾತ್ರೆಯ ಮಂಪರು ಬೇರೆ. ನನ್ನ ಹಾಳು ಬಾಯಿ ಇಲ್ಲ ಅಕ್ಕ ಅಂದುಬಿಟ್ಟಿತು.

ಅವಳು ಅಳಲಿಲ್ಲ. ತಲೆಯಾಡಿಸಿ ಎದ್ದು ಹೋದಳು. ಆಮೇಲೆ ಏನು ಮಾಡಿದಳು ಗೊತ್ತಾ? ಒಂದು ವಾರ, ಕೆಲಸ ಬಿಟ್ಟ ಮೇಲೆ, ಉಳಿದ ಹತ್ತೂ ಜನರ ಮನೆಗೆ ಒಂದೊಂದಾಗಿ ಹೋದಳು. ಯಾರ ಮನೆಯಲ್ಲೂ ಕೂರಲಿಲ್ಲವಂತೆ, ನೀರೂ ಕುಡಿಯಲಿಲ್ಲವಂತೆ. ಬಾಗಿಲಲ್ಲೇ ನಿಂತು ಒಂದೇ ಪ್ರಶ್ನೆ, ನೀನು ಯಾಕೆ ಸೈನ್ ಹಾಕಿದೆ. ಹತ್ತೂ ಬಾಗಿಲಲ್ಲಿ ಒಂದೇ ಉತ್ತರ. ಅಕ್ಕ, ನೀನು ಹಾಕಿದ್ಯಲ್ಲ.

ಇದನ್ನು ನನಗೆ ಬಂದು ಹೇಳಿದಾಗ ಅವಳ ಮುಖ ನೋಡಬೇಕಿತ್ತು. ಇಪ್ಪತ್ತೆರಡು ವರ್ಷ ತನ್ನ ಬೆನ್ನ ಹಿಂದೆ ಹನ್ನೊಂದು ಜನ ನಡೆಯುತ್ತಿದ್ದದ್ದು ಗೊತ್ತೇ ಇರಲಿಲ್ಲ ಅವಳಿಗೆ. ಗೊತ್ತಾದದ್ದು ಯಾವಾಗ? ನನ್ನ ಬೆರಳು ಹೋದ ಮೇಲೆ. ಮನೆಯಲ್ಲಿ ಲೆಕ್ಕಕ್ಕಿಲ್ಲದವಳು ಹೊರಗೂ ಲೆಕ್ಕಕ್ಕಿಲ್ಲ ಅಂದುಕೊಂಡಿದ್ದೆ ಕಣೇ, ಅಂದಳು. ಅವಳ ಮೇಲೆ ಸಿಟ್ಟು ಬಂತು, ಬರಲಿಲ್ಲ ಅಂತ ಹೇಳಲಾರೆ. ಎರಡು ನಿಮಿಷ ಯೋಚಿಸಿ ಹಾಕಿದ್ದರೆ ಇವಳ ಗಂಟೇನು ಹೋಗುತ್ತಿತ್ತು ಅನ್ನಿಸಿತು. ಹಾಗೇ ಅಂದೂಬಿಟ್ಟೆ. ಅವಳು ಹೌದು ಅಂದಳು.

ಆದರೆ ಅವಳು ಅಲ್ಲಿಗೇ ನಿಲ್ಲಲಿಲ್ಲ. ಇನ್ನೊಂದು ಕಾಗದ ಬರುವುದಿತ್ತು. ಸರ್ಕಾರದ ಕಡೆಯ ಇನ್‌ಸ್ಪೆಕ್ಟರ್ ಬರುವ ಮುಂಚೆ ಕಾರ್ಖಾನೆಯವರು ನಮ್ಮ ಹೇಳಿಕೆ ಸಿದ್ಧಮಾಡಿ ಇಡಬೇಕಂತೆ. ಕಂಬಿ ಸರಿಯಾಗಿಯೇ ಇತ್ತು, ಅವತ್ತು ಬೆಳಿಗ್ಗೆ ರೇಡಿಯೋನೇ ಅದನ್ನು ಎತ್ತಿ ಕಟ್ಟಿಕೊಂಡಳು, ನಾವು ನೋಡಿದ್ದೇವೆ. ಇದು ಹೇಳಿಕೆ. ನಮ್ಮ ಸಹಿಗಳು ಬಿದ್ದರೆ ತಪ್ಪು ನನ್ನದು, ರೋಲರ್ ಹೇಗಿತ್ತೋ ಹಾಗೇ, ಹಾಕುವ ಕಡೆ ಒಬ್ಬಳೇ. ಬೀಳದಿದ್ದರೆ ಇನ್‌ಸ್ಪೆಕ್ಟರ್ ಮೆಷಿನ್ ನಿಲ್ಲಿಸಿ ಕಂಬಿ ಸರಿಮಾಡಿಸುತ್ತಾನೆ, ಮತ್ತೆ ಇಬ್ಬರು ಬರುತ್ತಾರೆ. ನಾನು ಹಾಕದಿದ್ದರೆ ಯಾರೂ ಹಾಕೋದಿಲ್ಲ, ಅಂದಳು ದೊಡ್ಡಕ್ಕ. ಅವಳ ಬಾಯಿಂದ ಅಂಥ ಮಾತು ನಾನು ಕೇಳಿರಲೇ ಇಲ್ಲ. ಅವಳಿಗೆ ಅದನ್ನು ಹೇಳಿ ಅಭ್ಯಾಸವೂ ಇರಲಿಲ್ಲ, ಎರಡು ಸಲ ತಡವರಿಸಿದಳು.

ಆ ಕಾಗದದ ಹಿಂದಿನ ದಿನ ಸಂಜೆ ಆಯ್ತಾಯ್ತು ನಮ್ಮ ಮನೆಗೆ ಬಂದ. ಒಂದು ಚೀಲ ಕಿತ್ತಳೆ ತಂದಿದ್ದ. ಅತ್ತೆಯ ಆರೋಗ್ಯ ಕೇಳಿದ, ಗಂಡನ ಉಬ್ಬಸ ಕೇಳಿದ. ಆಮೇಲೆ ನಿಧಾನವಾಗಿ ಹೇಳಿದ, ಎಣಿಸುವ ಟೇಬಲ್ಲಿನಲ್ಲಿ ಕೂತು ಮಾಡುವ ಕೆಲಸ ಇದೆ, ಒಂದು ಕೈ ಸಾಕು, ನಿವೃತ್ತಿಯವರೆಗೆ ಯಾರೂ ಎಬ್ಬಿಸೋದಿಲ್ಲ. ನಾಳೆ ಹೇಳಿಕೆಗೆ ನಿನ್ನದೂ ಒಂದು ಬೀಳಲಿ. ಬೀಳದಿದ್ದರೆ ಈ ಕೈಗೆ ಕೊಡುವ ಕೆಲಸ ನನ್ನ ಹತ್ತಿರ ಇಲ್ಲಮ್ಮ. ಬಾಗಿಲ ಹಿಂದೆ ನಿಂತಿದ್ದ ಅತ್ತೆ ಅವನು ಹೋದ ಮೇಲೆ ಈಚೆ ಬಂದಳು. ಯಾವತ್ತೂ ಚುಚ್ಚುವವಳು ಅವತ್ತು ಹಣ್ಣು ಸುಲಿದು ನನ್ನ ಬಾಯಿಗೆ ಕೊಟ್ಟಳು. ಅದು ಬೈಗುಳಕ್ಕಿಂತ ಕಷ್ಟವಾಯಿತು.

ಬೆಳಿಗ್ಗೆ ದೊಡ್ಡಕ್ಕ ನನ್ನನ್ನು ಕರೆದುಕೊಂಡು ಹೋಗಲು ಬಂದಳು. ಬಸ್ ಸ್ಟಾಪಿನಿಂದ ಗೇಟಿನವರೆಗೆ ಕಾಲು ಗಂಟೆಯ ದಾರಿ. ನನ್ನ ಚೀಲ ಅವಳೇ ಹಿಡಿದಿದ್ದಳು. ದಾರಿಯುದ್ದಕ್ಕೂ ಮಾತಾಡಿದವಳು ಅವಳು. ಇನ್‌ಸ್ಪೆಕ್ಟರ್ ಕೇಳಿದರೆ ಏನು ಹೇಳಬೇಕು, ತಂತಿ ಸುತ್ತಿದ ದಿನ ಯಾವುದು, ಎಲ್ಲ ನೆನಪು ಮಾಡಿಕೊಂಡು ಬಂದಿದ್ದಳು. ರೇಡಿಯೋ ಬಾಯಿ ಬಿಡಲಿಲ್ಲ.

ಅದೇ ಬಟ್ಟೆಗಾಡಿ, ಅದೇ ಹಲಗೆ. ಆಯ್ತಾಯ್ತು ಓದಿ ಮುಗಿಸಿ, ನಿನ್ನದು ಕೊನೆಗೆ ಅಂತ ನನ್ನನ್ನು ಪಕ್ಕಕ್ಕೆ ನಿಲ್ಲಿಸಿದ. ದೊಡ್ಡಕ್ಕ ಮುಂದೆ ಬಂದಳು, ಪೆನ್ನು ತೆಗೆದುಕೊಳ್ಳಲಿಲ್ಲ.

"ಇದು ಸುಳ್ಳು ಸಾರ್. ಕಂಬಿ ಕಟ್ಟಿಸಿದ್ದು ನೀವು. ನಾನು ಹಾಕಲ್ಲ."

ಅವನು ಜಗಳ ಮಾಡಿದ್ದರೆ ಚೆನ್ನಾಗಿತ್ತು. ಆಯ್ತಾಯ್ತು ಅಂದು ಹಲಗೆಯನ್ನು ಎರಡು ಗೇಣು ಪಕ್ಕಕ್ಕೆ ಸರಿಸಿದ, ಅಷ್ಟೇ. ಮುಂದೆ ಗುಂಡಿಯಕ್ಕ, ಡಾಕ್ಟರುಗಳ ಕೋಟಿಗೆ ಕಿತ್ತುಹೋದ ಗುಂಡಿ ಹೊಲಿಯುವವಳು. ಅವಳು ದೊಡ್ಡಕ್ಕನನ್ನು ನೋಡಿದಳು, ನನ್ನ ಬ್ಯಾಂಡೇಜು ನೋಡಿದಳು. ನಿಮ್ಮ ಸೊಸೆಯ ಅರ್ಜಿ ನನ್ನ ಟೇಬಲ್ ಮೇಲೇ ಇದೆ, ಅಂತ ಆಯ್ತಾಯ್ತು ನೆನಪಿಸಿದ. ಅವಳು ಹಾಕಿದಳು. ಅವಳ ಹಿಂದಿನವಳು ಸ್ವಲ್ಪ ತಡೆದು ಹಾಕಿದಳು. ಆಮೇಲೆ ಯಾರೂ ತಡೆಯಲಿಲ್ಲ. ದೊಡ್ಡಕ್ಕ ಹಲಗೆಯ ಪಕ್ಕದಲ್ಲೇ ನಿಂತಿದ್ದಳು. ಒಬ್ಬೊಬ್ಬರೂ ಅವಳನ್ನು ಸವರಿಕೊಂಡೇ ಮುಂದೆ ಹೋಗಬೇಕಿತ್ತು, ಹೋದರು. ಅವಳು ತಲೆ ತಗ್ಗಿಸಿ ನೆಲ ನೋಡುತ್ತಿದ್ದಳು.

ಕೊನೆಗೆ ನಾನು. ಬಲಗೈಯಲ್ಲಿ ಪೆನ್ನು ಹಿಡಿಯೋಕಾಗೋದಿಲ್ಲ ಅಂತ ಶಾಯಿಯ ಡಬ್ಬಿಯನ್ನೂ ತಂದಿದ್ದ, ಎಷ್ಟು ಮುಂಜಾಗ್ರತೆ ನೋಡಿ. ಯಾರಾದರೂ ಬೇಡ ಅನ್ನಲಿ ಅಂತ ಕಾದೆ. ದೊಡ್ಡಕ್ಕ ತಲೆ ಎತ್ತುತ್ತಾಳೆ ಅಂತ ಕಾದೆ. ಅವಳು ಎತ್ತಲಿಲ್ಲ. ಎಡಗೈ ಹೆಬ್ಬೆಟ್ಟು ಒತ್ತಿದೆ. ನನ್ನ ಕೈ ಹೋದದ್ದು ನನ್ನದೇ ತಪ್ಪು ಅಂತ ನಾನೇ ಒತ್ತಿದೆ.

ಇನ್‌ಸ್ಪೆಕ್ಟರ್ ಬಂದ, ಆಫೀಸಿನಲ್ಲಿ ಟೀ ಕುಡಿದ, ನನ್ನ ಹೆಬ್ಬೆಟ್ಟೂ ಸೇರಿ ಹನ್ನೊಂದು ಬಿದ್ದದ್ದೇ ಅವನಿಗೆ ಸಾಕಾಯಿತು, ಹೋದ. ದೊಡ್ಡಕ್ಕನನ್ನು ಕೊಳೆಬಟ್ಟೆ ಕೋಣೆಗೆ ಹಾಕಿದರು. ಲಾರಿಯಿಂದ ಇಳಿದದ್ದನ್ನು ಬೇರೆಬೇರೆ ಮಾಡುವ ಜಾಗ, ರಕ್ತ, ವಾಂತಿ, ಎಲ್ಲ. ಕಿಟಕಿಯಿಲ್ಲ, ಒಬ್ಬಳೇ. ಮೂರು ತಿಂಗಳಿಗೆ ಅವಳೇ ಬಿಟ್ಟಳು. ಹೋಗುವ ದಿನ ನಮ್ಮ ಹಾಲಿಗೆ ಬರಲಿಲ್ಲ.

ನಾನು ಎಣಿಸುವ ಟೇಬಲ್ಲಿಗೆ ಬಂದೆ. ಒಂದು ದಿನ ಗುಂಡಿಯಕ್ಕ ನನ್ನ ಪಕ್ಕದಲ್ಲಿ ಕೋಟು ಹೊಲಿಯುತ್ತಾ, ಯಾವುದೋ ಮಾತಿಗೆ ಮಾತು ಬಂದು, ಹೀಗೆಂದಳು.

"ನಾವೆಲ್ಲ ನಿನ್ನನ್ನೇ ಕಾಯ್ತಿದ್ವಿ ಕಣೇ. ನಿನ್ನ ಕೈ ಅಲ್ವಾ ಅದು. ನೀನೊಬ್ಬಳು ಒತ್ತಲ್ಲ ಅಂದಿದ್ರೆ, ಹಾಕಿದ ಸೈನನ್ನೂ ಹೊಡೆದು ಹಾಕ್ತಿದ್ವಿ. ನೀನೇ ಒತ್ತಿದ ಮೇಲೆ ನಾವೇನು ಮಾಡೋದು?"

ಮೊದಲೇ ಹೇಳಬಾರದಿತ್ತಾ ಅಂದೆ. ನೀನೇ ಹೇಳ್ತೀಯ ಅಂದುಕೊಂಡಿದ್ವಿ ಅಂದಳು. ಅಲ್ಲಿಗೆ ಮುಗಿಯಿತು. ಅವತ್ತು ನಾನು ಎಣಿಸಿದ ಟವೆಲ್ಲು ಮೂರು ಸಲ ತಪ್ಪಿತು.

ಸಂಜೆ ಮನೆಗೆ ಹೋಗದೆ ನೇರ ದೊಡ್ಡಕ್ಕನ ಮನೆಗೆ ಹೋದೆ. ಅವಳು ಅಡುಗೆಮನೆಯಲ್ಲಿ ಕೂತು ಗಂಡನ ರಾತ್ರಿಯ ಡಬ್ಬಿ ಕಟ್ಟುತ್ತಿದ್ದಳು. ಒಳಗೆ ಕರೆದಳು, ಮಣೆ ಸರಿಸಿದಳು. ಕೂರುವ ಮುಂಚೆಯೇ ಗುಂಡಿಯಕ್ಕ ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಅತ್ತೆ, ಕಿತ್ತಳೆ, ಅವನು ಕೊಟ್ಟ ಮಾತು, ಅದನ್ನೂ ಹೇಳಿದೆ. ಅವಳು ಡಬ್ಬಿಯ ಮುಚ್ಚಳ ಒತ್ತಿ ಹಾಕಿದಳು.

"ಗೊತ್ತಿತ್ತು," ಅಂದಳು. "ದಾರಿಯುದ್ದಕ್ಕೂ ನೀನು ಬಾಯಿ ಬಿಡಲಿಲ್ಲ, ಆಗಲೇ ಗೊತ್ತಾಯ್ತು. ಎಲ್ಲರೂ ನಿನ್ನನ್ನ ಕಾಯ್ತಿದ್ದಾರೆ ಅನ್ನೋದೂ ಗೊತ್ತಿತ್ತು."

"ಮತ್ತೆ ಯಾಕೆ ಅಕ್ಕ ನನ್ನ ಕಡೆ ನೋಡಲಿಲ್ಲ ನೀನು? ಒಂದ್ಸಲ ನೋಡಿದ್ರೆ ನಾನು ಒತ್ತುತ್ತಿರಲಿಲ್ಲ."

"ಒತ್ತುತ್ತಿರಲಿಲ್ಲ, ಅದಕ್ಕೇ ನೋಡಲಿಲ್ಲ. ಒಂದ್ಸಲ ನನ್ನ ಮುಖ ನೋಡಿ ನೀನು ಕೈ ಕಳ್ಕೊಂಡೆ. ಇನ್ನೊಂದ್ಸಲ ನೋಡಿ ಮನೆ ಕಳ್ಕೊಳ್ಳೋದು ಬೇಡ ಅಂತ."

ನಾನು ಮಣೆಯ ಮೇಲೆ ಕೂತು ಗೋಳೋ ಅಂತ ಅತ್ತೆ. ಅವಳು ಸಮಾಧಾನ ಮಾಡಲಿಲ್ಲ. ಗಂಡ ಎದ್ದಾನು ಮೆಲ್ಲಗೆ ಅಳು ಅಂದಳು, ಅಷ್ಟೇ. ನೋಡಬಾರದಿತ್ತಾ ಅಕ್ಕ, ಅಂತ ಮತ್ತೆ ಮತ್ತೆ ಕೇಳಿದೆ. ಅವಳು ಡಬ್ಬಿಯನ್ನು ಚೀಲಕ್ಕೆ ಹಾಕಿ ಬಾಗಿಲ ಹತ್ತಿರ ಇಟ್ಟಳು. ಇದ್ದ ಶಕ್ತಿಯನ್ನು ಅವಳು ಗೊತ್ತಿಲ್ಲದೆ ಒಮ್ಮೆ ಬಳಸಿದಳು, ಗೊತ್ತಿದ್ದೂ ಒಮ್ಮೆ ಬಳಸಲಿಲ್ಲ. ಎರಡು ಸಲವೂ ನಾನು ಅಲ್ಲೇ ನಿಂತಿದ್ದೆ. ನನಗೂ ಅವತ್ತು ಅಷ್ಟೇ ಶಕ್ತಿ ಇತ್ತು ಅಂತ ಈಗ ಗೊತ್ತಾಗಿದೆ, ಗೊತ್ತಾಗಿ ಏನು ಬಂತು. ಅದನ್ನು ಶಾಯಿಗೆ ಅದ್ದಿ ಕೊಟ್ಟುಬಂದೆ.

ಮಾರನೆಯ ದಿನ ಎಂಟಕ್ಕೆ ರೋಲರ್ ಶುರುವಾಯಿತು. ಹಾಕುವ ಕಡೆಗೆ ಹೊಸದಾಗಿ ಸೇರಿದವಳೊಬ್ಬಳನ್ನು ನಿಲ್ಲಿಸಿದ್ದರು, ಒಬ್ಬಳೇ, ತೋಳು ಎರಡೂ ಚಾಚಿಕೊಂಡು. ಕಂಬಿ ಮೇಲೆಯೇ ಇತ್ತು. ನಾನು ಟೇಬಲ್ಲಿನಲ್ಲಿ ಕೂತು ಅವಳ ಕೈಯನ್ನೇ ನೋಡುತ್ತಾ ಟವೆಲ್ಲು ಎಣಿಸಿದೆ.